ಶ್ರೀರಂಗಪಟ್ಟಣದ ಹೊಸ್ತಿಲಿಂದ ಕಾರ್ನ್‌ವಾಲಿಸ್ ವಾಪಸ್ ಹೋಗಿದ್ದೇಕೆ? 1791ರ ಫಾರ್ವರ್ಡ್‌ನಲ್ಲಿರುವ ನಿಜ ಮತ್ತು ಬಿಟ್ಟುಹೋದ ನಿಜ

ಜಡಿಗೇನಹಳ್ಳಿಯ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಕಳೆದ ತಿಂಗಳು ಒಂದು ಫಾರ್ವರ್ಡ್ ಬಂತು. ಕೋಟೆಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು. ಅದರ ಸಾರಾಂಶ ಇಷ್ಟು: "1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ದೊಡ್ಡ ಸೈನ್ಯದೊಂದಿಗೆ ಶ್ರೀರಂಗಪಟ್ಟಣಕ್ಕೆ ಬಂದ. ಟಿಪ್ಪು ಯುದ್ಧದಲ್ಲಿ ಅವನನ್ನು ಸೋಲಿಸಿ ಓಡಿಸಿದ. ತೋಪುಗಳನ್ನು ಬಿಟ್ಟು ಓಡಿದ. ಬ್ರಿಟಿಷರು ಈ ಸೋಲನ್ನು ಇತಿಹಾಸದಿಂದ ಅಳಿಸಿಬಿಟ್ಟರು. ಎಲ್ಲರಿಗೂ ತಲುಪುವವರೆಗೆ ಶೇರ್ ಮಾಡಿ."

ಹತ್ತು ನಿಮಿಷಕ್ಕೆ ಇನ್ನೊಬ್ಬರು ಉತ್ತರವಾಗಿ ಬೇರೊಂದು ಫಾರ್ವರ್ಡ್ ಹಾಕಿದರು: "ಅದೆಲ್ಲ ಸುಳ್ಳು. ಮಳೆ ಬಂತು, ಅದೃಷ್ಟ, ಅಷ್ಟೇ." ಆಮೇಲೆ ಜಗಳ. ಕೊನೆಗೆ ಚಿಕ್ಕಪ್ಪ ನನ್ನನ್ನು ಟ್ಯಾಗ್ ಮಾಡಿ ಕೇಳಿದರು: "ನೀನು ಇದೇ ಕೆಲಸ ಮಾಡ್ತೀಯಲ್ಲ, ಯಾವುದು ನಿಜ ಹೇಳು."

ಚುಟುಕು ಉತ್ತರ: ಕಾರ್ನ್‌ವಾಲಿಸ್ ವಾಪಸ್ ಹೋಗಿದ್ದು ನಿಜ. ತೋಪುಗಳನ್ನು ಕಳೆದುಕೊಂಡಿದ್ದೂ ನಿಜ. ಆದರೆ ರಣರಂಗದಲ್ಲಿ ಸೋತು ಓಡಿದ್ದಲ್ಲ. ಬರೀ ಮಳೆಯಿಂದಲೂ ಅಲ್ಲ. ಅವನನ್ನು ಹಿಂದಕ್ಕೆ ಕಳಿಸಿದ್ದು ಹುಲ್ಲು. ಹೌದು, ದನ ತಿನ್ನುವ ಹುಲ್ಲು.

ಉದ್ದ ಉತ್ತರ ಕೆಳಗಿದೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ಈ ಲೇಖನದ್ದಲ್ಲ. ಒಂದು ದೊಡ್ಡ ಸೈನ್ಯ ಗುರಿಯ ಎದುರಿಗೆ ನಿಂತು ಯಾಕೆ ವಾಪಸ್ ಹೋಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಈ ಕಾರ್ನ್‌ವಾಲಿಸ್ ಯಾರು?

ಚಾರ್ಲ್ಸ್ ಕಾರ್ನ್‌ವಾಲಿಸ್ ಆಗ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್. ಕಂಪನಿ ಸೈನ್ಯದ ಮುಖ್ಯಸ್ಥನೂ ಅವನೇ. ಅದಕ್ಕೂ ಮೊದಲು ಅಮೆರಿಕದಲ್ಲಿ ಯುದ್ಧ ಮಾಡಿದ್ದ. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಮತ್ತು ಫ್ರೆಂಚರ ಸೈನ್ಯಕ್ಕೆ ಶರಣಾದವನು ಇವನೇ. 1786ರಲ್ಲಿ ಭಾರತಕ್ಕೆ ಬಂದ.

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗಡಿ ಕೋಟೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಕಂಪನಿಯ ಮಿತ್ರರಾಜ್ಯ. ಅಲ್ಲಿಂದ ಮೂರನೇ ಮೈಸೂರು ಯುದ್ಧ ಶುರುವಾಯಿತು. ಮರಾಠರು ಮತ್ತು ಹೈದರಾಬಾದಿನ ನಿಜಾಮ ಕಂಪನಿಯ ಜೊತೆ ಸೇರಿದರು. 1790ರ ಇಡೀ ವರ್ಷ ಜನರಲ್ ಮೆಡೋಸ್ ತಮಿಳು ಸೀಮೆಯ ಕಡೆಯಿಂದ ಪ್ರಯತ್ನಿಸಿದರೂ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಹಾಗಾಗಿ 1791ರ ಆರಂಭದಲ್ಲಿ ಕಾರ್ನ್‌ವಾಲಿಸ್ ತಾನೇ ಸೈನ್ಯದ ಮುಂದೆ ನಿಂತ.

ನಮ್ಮ ದಾರಿಯಲ್ಲೇ ಬಂದ ಸೈನ್ಯ

ಫಾರ್ವರ್ಡ್‌ಗಳಲ್ಲಿ ಇತಿಹಾಸ ಯಾವಾಗಲೂ ಶ್ರೀರಂಗಪಟ್ಟಣದಲ್ಲೇ ನಡೆಯುತ್ತದೆ. ನಿಜವಾಗಿ ಆ ಸೈನ್ಯ ಹೊಸಕೋಟೆ ಸೀಮೆಯನ್ನು ದಾಟಿಕೊಂಡೇ ಹೋಯಿತು.

ವೆಲ್ಲೂರಿನಿಂದ ಹೊರಟ ಕಾರ್ನ್‌ವಾಲಿಸ್, ಆಂಬೂರಿನ ಕಡೆಯ ಘಟ್ಟ ಹತ್ತುವವನಂತೆ ತೋರಿಸಿಕೊಂಡ. ಟಿಪ್ಪು ಆ ಕಡೆ ನೋಡುತ್ತಿದ್ದಾಗ ಇವನು ಉತ್ತರಕ್ಕೆ ತಿರುಗಿ, ಚಿತ್ತೂರು ಕಡೆಯ ಮುಗಳಿ ಕಣಿವೆಯಿಂದ ಮೇಲೆ ಬಂದ. ಪಲಮನೇರು, ಮುಳಬಾಗಿಲು, ಕೋಲಾರ, ಹೊಸಕೋಟೆ. ಮಾರ್ಚ್ ಮೊದಲ ವಾರ ಬೆಂಗಳೂರಿನ ಮುಂದೆ ನಿಂತಿದ್ದ. ಇವತ್ತು ನಾವು ಕೋಲಾರಕ್ಕೆ ಬಸ್ಸಿನಲ್ಲಿ ಹೋಗಿ ಬರುವ ಸೀಮೆ ಇದೇ.

ಹೊಸಕೋಟೆಗೆ ಕಂಪನಿ ಸೈನ್ಯ ಹೊಸದೇನಲ್ಲ. ಅದಕ್ಕೂ 23 ವರ್ಷ ಮೊದಲು, 1768ರ ಆಗಸ್ಟ್‌ನಲ್ಲಿ ಕರ್ನಲ್ ಜೋಸೆಫ್ ಸ್ಮಿತ್ ಇಲ್ಲೇ ಡೇರೆ ಹಾಕಿದ್ದ. ಗುತ್ತಿಯ ಮರಾಠ ನಾಯಕ ಮುರಾರಿ ರಾವ್ ಘೋರ್ಪಡೆ ಅವನ ಜೊತೆಗಿದ್ದ. ಬೆಂಗಳೂರಿಗೆ ಮುತ್ತಿಗೆ ಹಾಕುವ ಯೋಜನೆ. ಹೈದರ್ ಅಲಿ ಒಂದು ರಾತ್ರಿ ಮುರಾರಿ ರಾವ್‌ನ ಡೇರೆಗಳ ಮೇಲೆ ಎರಗಿದ. ದಾಳಿ ಹಿಮ್ಮೆಟ್ಟಿತು, ಆದರೆ ಬೆಂಗಳೂರಿನ ಮುತ್ತಿಗೆ ಕೊನೆಗೂ ನಡೆಯಲೇ ಇಲ್ಲ. ಮುಂದಿನ ವರ್ಷ ಮಾರ್ಚ್‌ನಲ್ಲಿ ಹೈದರ್‌ನ ಕುದುರೆಗಳು ಮದ್ರಾಸಿನ ಹತ್ತಿರ ಕಾಣಿಸಿಕೊಂಡವು. ಕಂಪನಿ ಒಪ್ಪಂದಕ್ಕೆ ಬಂತು.

1791ರಲ್ಲಿ ಮಾತ್ರ ಬೆಂಗಳೂರು ಉಳಿಯಲಿಲ್ಲ. ಮಾರ್ಚ್ 7ಕ್ಕೆ ಪೇಟೆ ಬಿತ್ತು. ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಇಲ್ಲಿಯವರೆಗೆ ಎಲ್ಲವೂ ಕಾರ್ನ್‌ವಾಲಿಸ್ ಅಂದುಕೊಂಡಂತೆ ನಡೆಯಿತು. ಆದರೆ ಈ ಮುತ್ತಿಗೆಯ ದಿನಗಳಲ್ಲೇ ಒಂದು ಸಮಸ್ಯೆ ಶುರುವಾಗಿತ್ತು. ಅವನ ಎತ್ತುಗಳು ಸಾಯುತ್ತಿದ್ದವು.

ಒಂದು ತೋಪಿಗೆ ಎಷ್ಟು ಎತ್ತು ಬೇಕು?

ಇದು ಈ ಕಥೆಯ ಮುಖ್ಯ ಭಾಗ. ಫಾರ್ವರ್ಡ್‌ಗಳು ಬಿಟ್ಟುಬಿಡುವ ಭಾಗವೂ ಇದೇ.

ಕೋಟೆ ಗೋಡೆ ಒಡೆಯಲು ಸಣ್ಣ ತೋಪು ಸಾಲದು. ಸುಮಾರು 11 ಕೆಜಿ ತೂಕದ ಕಬ್ಬಿಣದ ಗುಂಡು ಹಾರಿಸುವ ದೊಡ್ಡ ತೋಪು ಬೇಕು. ಅಂಥ ಒಂದು ತೋಪಿನ ತೂಕ ಎರಡು ಟನ್‌ಗಿಂತ ಹೆಚ್ಚು. ಅದನ್ನು ಎಳೆಯಲು ಹತ್ತಾರು ಎತ್ತುಗಳನ್ನು ಸಾಲಾಗಿ ಕಟ್ಟಬೇಕು. ಏರು ಬಂದರೆ, ಕೆಸರು ಬಂದರೆ ಆನೆಯೊಂದು ಹಿಂದಿನಿಂದ ಹಣೆಯಿಂದ ನೂಕಬೇಕು.

ತೋಪು ಒಂದೇ ಬಂದರೆ ಪ್ರಯೋಜನವಿಲ್ಲ. ಗುಂಡು ಬೇಕು, ಮದ್ದು ಬೇಕು, ಸೈನಿಕರಿಗೆ ಅಕ್ಕಿ ಬೇಕು, ಡೇರೆ ಬೇಕು. ಇವೆಲ್ಲ ಎತ್ತಿನ ಬೆನ್ನ ಮೇಲೆ ಅಥವಾ ಗಾಡಿಯಲ್ಲಿ. ಸೈನಿಕರ ಜೊತೆಗೆ ಅಡುಗೆಯವರು, ಹುಲ್ಲು ಕೊಯ್ಯುವವರು, ಡೋಲಿ ಹೊರುವವರು, ಅಂಗಡಿಯವರು, ಅವರ ಹೆಂಡತಿ ಮಕ್ಕಳು. ಆ ಕಾಲದ ಸೈನ್ಯದಲ್ಲಿ ಬಂದೂಕು ಹಿಡಿದವರಿಗಿಂತ ಹಿಡಿಯದವರೇ ಎಷ್ಟೋ ಪಟ್ಟು ಹೆಚ್ಚು. ಒಂದು ಊರೇ ಎದ್ದು ನಡೆದಂತೆ.

ಈಗ ಒಂದು ಸರಳ ಲೆಕ್ಕ ಹಾಕೋಣ. ದನ ಸಾಕಿದವರಿಗೆ ಇದು ಗೊತ್ತಿರುವ ಲೆಕ್ಕವೇ. ದುಡಿಯುವ ಒಂದು ಎತ್ತಿಗೆ ದಿನಕ್ಕೆ ಸುಮಾರು 8 ಕೆಜಿ ಒಣ ಮೇವು ಬೇಕು ಅಂದುಕೊಳ್ಳಿ. ಉದಾಹರಣೆಗೆ 10,000 ಎತ್ತುಗಳಿದ್ದರೆ ದಿನಕ್ಕೆ 80,000 ಕೆಜಿ. ಅಂದರೆ 80 ಟನ್. ಒಂದು ದಿನಕ್ಕೆ! ಇದಕ್ಕೆ ಕುದುರೆ, ಆನೆಗಳ ಮೇವು ಸೇರಿಸಿಲ್ಲ.

ಇಷ್ಟು ಮೇವನ್ನು ಹೊತ್ತು ತರಲು ಆಗುತ್ತದೆಯೇ? ಆಗುವುದಿಲ್ಲ. ಯಾಕೆಂದರೆ ಮೇವು ಹೊರುವ ಎತ್ತೂ ಮೇವು ತಿನ್ನುತ್ತದೆ. ನಾಲ್ಕೈದು ದಿನಕ್ಕಿಂತ ದೂರದ ದಾರಿಗೆ ಅದು ಹೊರುವುದರಲ್ಲಿ ದೊಡ್ಡ ಪಾಲನ್ನು ಅದೇ ತಿಂದು ಮುಗಿಸುತ್ತದೆ. ಆದ್ದರಿಂದ ಅಂದಿನ ಎಲ್ಲ ಸೈನ್ಯಗಳ ನಿಯಮ ಒಂದೇ: ಮೇವನ್ನು ದಾರಿಯ ಹಳ್ಳಿಗಳಿಂದ ತೆಗೆದುಕೋ.

ಹಳ್ಳಿಗಳಲ್ಲಿ ಮೇವೇ ಇಲ್ಲದಿದ್ದರೆ? ಅಲ್ಲಿಗೆ ಸೈನ್ಯ ನಿಂತಿತು.

ಮೈಸೂರಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲೇ ಅರಮನೆಗೆ "ಬೆಣ್ಣೆ ಚಾವಡಿ" ಎಂಬ ದನಗಳ ಇಲಾಖೆ ಇತ್ತು. ಟಿಪ್ಪು ಅದನ್ನು "ಅಮೃತ ಮಹಲ್" ಎಂದು ಕರೆದ. ಹಳ್ಳಿಕಾರ್ ಜಾತಿಗೆ ಹತ್ತಿರದ ಈ ದನಗಳು ಕೆಸರಲ್ಲೂ ಬಿಸಿಲಲ್ಲೂ ವೇಗವಾಗಿ ನಡೆಯುವುದಕ್ಕೆ ಹೆಸರಾಗಿದ್ದವು. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕಂಪನಿ ಸೈನ್ಯಕ್ಕಿಂತ ಬೇಗ ಚಲಿಸುತ್ತಿದ್ದ ಗುಟ್ಟಿನಲ್ಲಿ ಈ ಎತ್ತುಗಳ ಪಾಲು ದೊಡ್ಡದು.

ಎರಡು ದಾರಿ, ಎರಡರಲ್ಲೂ ಹುಲ್ಲಿಲ್ಲ

ಬೆಂಗಳೂರು ಗೆದ್ದ ಮೇಲೆ ಕಾರ್ನ್‌ವಾಲಿಸ್ ನೇರವಾಗಿ ಶ್ರೀರಂಗಪಟ್ಟಣಕ್ಕೆ ಹೋಗಲಿಲ್ಲ. ಉತ್ತರಕ್ಕೆ ತಿರುಗಿ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೋದ. ನಿಜಾಮನ ಕುದುರೆ ಪಡೆಯನ್ನು ಸೇರಿಸಿಕೊಳ್ಳಬೇಕಿತ್ತು. ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರದ ಕೋಟೆಗಳು ಶರಣಾದವು. ಏಪ್ರಿಲ್ ಮಧ್ಯದಲ್ಲಿ ಸುಮಾರು 10,000 ಕುದುರೆಗಳ ನಿಜಾಮನ ಪಡೆಯೂ ಸಿಕ್ಕಿತು.

ಕೇಳಲು ಇದು ದೊಡ್ಡ ಬಲ. ಆದರೆ ಸೈನ್ಯದ ಜೊತೆಗಿದ್ದ ಇಂಗ್ಲಿಷ್ ಅಧಿಕಾರಿಗಳೇ ಈ ಕುದುರೆ ಪಡೆಯ ಬಗ್ಗೆ ಬೇಸರದಿಂದ ಬರೆದಿದ್ದಾರೆ. ಮೇವು ತರಲು ಅಥವಾ ಕಾವಲು ಕಾಯಲು ಅದರಿಂದ ಹೆಚ್ಚು ಉಪಯೋಗವಾಗಲಿಲ್ಲ. ತಿನ್ನುವ ಬಾಯಿ ಮಾತ್ರ ಹೆಚ್ಚಾಯಿತು.

ಮೇ ಮೊದಲ ವಾರ ಸೈನ್ಯ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟಿತು. ಎತ್ತುಗಳು ಸಾಲದೆ, ಅಧಿಕಾರಿಗಳ ಸ್ವಂತ ಸಾಮಾನು ಹೊರುತ್ತಿದ್ದ ಎತ್ತುಗಳನ್ನೂ ಕೇಳಿ ಪಡೆಯಬೇಕಾಯಿತು. ನೇರ ದಾರಿ ರಾಮನಗರ, ಚನ್ನಪಟ್ಟಣದ ಮೇಲೆ. ಟಿಪ್ಪು ಆ ದಾರಿಯ ಹಳ್ಳಿಗಳನ್ನು ಖಾಲಿ ಮಾಡಿಸಿ, ಮೇವು ಧಾನ್ಯ ಸುಡಿಸಿ, ಬೆಟ್ಟದ ಕೋಟೆಗಳಲ್ಲಿ ಪಡೆ ಇಟ್ಟಿದ್ದ. ಅದನ್ನು ತಪ್ಪಿಸಲು ಕಾರ್ನ್‌ವಾಲಿಸ್ ದಕ್ಷಿಣದ ಕನಕಪುರ ದಾರಿ ಹಿಡಿದ. ಆ ದಾರಿ ಸುತ್ತು, ಕಾಡು, ಹಳ್ಳ ಕೊಳ್ಳ. ಅಲ್ಲೂ ಅದೇ ಕಥೆ. ಟಿಪ್ಪುವಿನ ಸವಾರರು ಮುಂದೆ ಮುಂದೆ ಹೋಗಿ ಹಳ್ಳಿಗಳನ್ನು ಖಾಲಿ ಮಾಡಿಸಿದ್ದರು. ಜನ ಇಲ್ಲ, ದನ ಇಲ್ಲ, ಹುಲ್ಲು ಬೂದಿ.

ಇವತ್ತು ಎರಡು ಮೂರು ಗಂಟೆಯ ಈ ದಾರಿಗೆ ಆ ಸೈನ್ಯ ಸುಮಾರು ಹತ್ತು ದಿನ ತೆಗೆದುಕೊಂಡಿತು. ಮೇ 13ಕ್ಕೆ ಶ್ರೀರಂಗಪಟ್ಟಣದ ಪೂರ್ವಕ್ಕೆ, ಕಾವೇರಿ ದಡದ ಅರಕೆರೆ ತಲುಪಿತು. ದಾರಿಯುದ್ದಕ್ಕೂ ಎತ್ತುಗಳು ಬೀಳುತ್ತಲೇ ಹೋದವು.

ಮೇ 15: ಯುದ್ಧದಲ್ಲಿ ಗೆದ್ದವರು ಯಾರು?

ಮೇ ಮಧ್ಯ ಎಂದರೆ ನಮ್ಮ ರೈತರ ಲೆಕ್ಕದಲ್ಲಿ ಕೃತ್ತಿಕೆ ಮಳೆಯ ಕಾಲ. ಗುಡುಗು, ಸಿಡಿಲು, ಗಾಳಿ ಸೇರಿ ಸಂಜೆ ರಾತ್ರಿ ಸುರಿಯುವ ಮಳೆ. ಮುಂಗಾರು ಇನ್ನೂ ಬಂದಿರುವುದಿಲ್ಲ, ಆದರೆ ನೆಲ ಕೆಸರಾಗುತ್ತದೆ.

ಕಾರ್ನ್‌ವಾಲಿಸ್‌ನ ಯೋಜನೆ ರಾತ್ರೋರಾತ್ರಿ ನಡೆದು ಬೆಳಗಾಗುವ ಮುನ್ನ ಟಿಪ್ಪುವಿನ ಸೈನ್ಯದ ಮೇಲೆ ಎರಗುವುದು. ಮೇ 14ರ ರಾತ್ರಿ ಸೈನ್ಯ ಹೊರಟಿತು. ಭಾರಿ ಗುಡುಗು ಮಳೆ ಶುರುವಾಯಿತು. ಕತ್ತಲಲ್ಲಿ ದಳಗಳು ದಾರಿ ತಪ್ಪಿದವು, ಎತ್ತುಗಳು ನಿಂತುಬಿಟ್ಟವು. ಬೆಳಗಾಗುವಷ್ಟರಲ್ಲಿ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಹಾಗಾಗಿ ಹಗಲಲ್ಲೇ ಯುದ್ಧ ನಡೆಯಿತು.

ಮೇ 15ರ ಆ ಯುದ್ಧದಲ್ಲಿ ಟಿಪ್ಪುವಿನ ಸೈನ್ಯ ಗುಡ್ಡಗಳಿಂದ ಹಿಂದೆ ಸರಿದು, ಶ್ರೀರಂಗಪಟ್ಟಣ ದ್ವೀಪದ ತೋಪುಗಳ ರಕ್ಷಣೆಗೆ ಬಂತು. ಅಂದರೆ ರಣರಂಗದಲ್ಲಿ ಮೇಲುಗೈ ಕಂಪನಿಯದು. "ಟಿಪ್ಪು ಯುದ್ಧದಲ್ಲಿ ಸೋಲಿಸಿ ಓಡಿಸಿದ" ಎಂಬ ಫಾರ್ವರ್ಡ್‌ನ ಸಾಲು ಇಲ್ಲಿ ತಪ್ಪು.

ಆದರೆ ಗೆದ್ದು ಏನು ಮಾಡುವುದು? ಕೋಟೆ ಕಣ್ಣಿಗೆ ಕಾಣುತ್ತಿದೆ. ಗೋಡೆ ಒಡೆಯುವ ತೋಪುಗಳನ್ನು ಮುಂದಕ್ಕೆ ಎಳೆಯಲು ಎತ್ತಿಲ್ಲ. ಅರಕೆರೆಯ ಹತ್ತಿರ ಹೊಳೆ ದಾಟಲು ಆಗುತ್ತಿಲ್ಲ. ಪಶ್ಚಿಮದಿಂದ ಕೊಡಗಿನ ಮೂಲಕ ಬಂದಿದ್ದ ಜನರಲ್ ಅಬರ್‌ಕ್ರಾಂಬಿಯ ಬಾಂಬೆ ಸೈನ್ಯ ಪಿರಿಯಾಪಟ್ಟಣದ ಹತ್ತಿರ ಕಾಯುತ್ತಿದೆ. ಅದನ್ನು ಸೇರಲು ಹೊಳೆಯ ಮೇಲ್ಭಾಗದಲ್ಲಿ ದಾಟಬೇಕು. ಕಾರ್ನ್‌ವಾಲಿಸ್ ಆರಿಸಿಕೊಂಡ ಜಾಗ ಕನ್ನಂಬಾಡಿ.

ಕನ್ನಂಬಾಡಿಯ ಆರು ದಿನ

ನೀವು ಕೆ.ಆರ್.ಎಸ್. ನೋಡಿದ್ದೀರಿ. ಅಣೆಕಟ್ಟೆಯ ಮೇಲಿಂದ ಕಾಣುವ ನೀರಿನ ಕೆಳಗೆ ಹಳೆಯ ಕನ್ನಂಬಾಡಿ ಊರು ಮುಳುಗಿದೆ. 1791ರ ಮೇ ಕೊನೆಯಲ್ಲಿ ಕಂಪನಿ ಸೈನ್ಯ ಬಂದು ನಿಂತಿದ್ದು ಆ ಸೀಮೆಯಲ್ಲಿ.

ಅಲ್ಲಿಗೆ ದೊಡ್ಡ ತೋಪುಗಳನ್ನು ಎಳೆದದ್ದು ಹೆಚ್ಚಾಗಿ ಎತ್ತುಗಳಲ್ಲ, ಸೈನಿಕರು. ಹಗ್ಗ ಹಿಡಿದು, ಕೆಸರಲ್ಲಿ. ಎತ್ತುಗಳಲ್ಲಿ ರೋಗ ಹರಡಿತ್ತು. ಹಸಿದ ದನ, ಚಳಿ ಮಳೆ, ಕೆಸರು ನೆಲ, ರೋಗ ಇವು ಒಟ್ಟಿಗೆ ಬಂದರೆ ಏನಾಗುತ್ತದೆ ಎಂದು ಯಾವ ರೈತನಿಗೂ ಹೇಳಬೇಕಿಲ್ಲ. ಸೈನಿಕರ ಅಕ್ಕಿ ಅರ್ಧಕ್ಕೆ ಇಳಿಯಿತು. ಸೈನ್ಯದ ಹಿಂದೆ ಬಂದ ಬಡವರಿಗೆ ಅದೂ ಇಲ್ಲ.

ಮೇ 21ರ ಹೊತ್ತಿಗೆ ಕಾರ್ನ್‌ವಾಲಿಸ್ ತೀರ್ಮಾನಿಸಿದ. ಅಬರ್‌ಕ್ರಾಂಬಿಗೆ ಘಟ್ಟ ಇಳಿದು ವಾಪಸ್ ಹೋಗಲು ಆಜ್ಞೆ ಕಳಿಸಿದ. ಮೇ 22ರಂದು ತನ್ನದೇ ಕೋಟೆ ಒಡೆಯುವ ತೋಪುಗಳನ್ನು ತಾನೇ ಒಡೆಸಿದ. ಗುಂಡುಗಳನ್ನು ಹೂಳಿಸಿದ, ಗಾಡಿಗಳಿಗೆ ಬೆಂಕಿ ಹಚ್ಚಿಸಿದ. ಮೇ 26ಕ್ಕೆ ಸೈನ್ಯ ಬೆಂಗಳೂರಿನ ಕಡೆ ಹೊರಟಿತು. ಹಲವು ಮೈಲಿ ಸುತ್ತಳತೆಯ ಆ ಬಯಲು ಸತ್ತ ಎತ್ತು ಮತ್ತು ಕುದುರೆಗಳಿಂದ ತುಂಬಿತ್ತು ಎಂದು ಸೈನ್ಯದ ಅಧಿಕಾರಿ ಮೇಜರ್ ಡೈರಮ್ ದಾಖಲಿಸಿದ್ದಾನೆ.

ಆದ್ದರಿಂದ "ತೋಪುಗಳನ್ನು ಬಿಟ್ಟು ಓಡಿದ" ಎಂಬುದು ಅರ್ಧ ನಿಜ. ತೋಪುಗಳು ಹೋದವು. ಆದರೆ ಶತ್ರು ಕಿತ್ತುಕೊಂಡದ್ದಲ್ಲ, ಶತ್ರುವಿಗೆ ಸಿಗಬಾರದೆಂದು ಅವನೇ ನಾಶ ಮಾಡಿದ್ದು.

ಒಂದು ಸುದ್ದಿ ತಲುಪಿದ್ದರೆ?

ಸುದ್ದಿ ಹಂಚುವ ನಮ್ಮಂಥವರು ಗಮನಿಸಬೇಕಾದ ಘಟನೆ ಇದು.

ಹಿಮ್ಮೆಟ್ಟುವ ಮೊದಲ ದಿನವೇ, ಮೇಲುಕೋಟೆ ಸೀಮೆಯ ಹತ್ತಿರ, ದೂರದಲ್ಲಿ ಸಾವಿರಾರು ಕುದುರೆಗಳು ಕಾಣಿಸಿದವು. ಟಿಪ್ಪುವಿನ ಪಡೆ ಎಂದು ಕಂಪನಿಯವರು ಹೋರಾಟಕ್ಕೆ ಸಿದ್ಧರಾದರು. ಹತ್ತಿರ ಬಂದಾಗ ಗೊತ್ತಾಯಿತು, ಅವರು ಮರಾಠರು. ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವೂ ಪಟವರ್ಧನರ ಸೈನ್ಯ. ಕಾರ್ನ್‌ವಾಲಿಸ್ ಕಾಯುತ್ತಿದ್ದ ಮಿತ್ರರೇ.

ಮರಾಠರಲ್ಲಿ ಒಂದು ಪಾಲು ಧಾರವಾಡ ಕೋಟೆಯ ಮುತ್ತಿಗೆಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದಿತ್ತು. 1791ರ ಏಪ್ರಿಲ್‌ನಲ್ಲಿ ಧಾರವಾಡ ಬಿದ್ದ ಮೇಲೆ ದಕ್ಷಿಣಕ್ಕೆ ಬಂದಿದ್ದರು. ಅವರ ಜೊತೆ ದೊಡ್ಡ ಬಜಾರು ಇತ್ತು. ಅಕ್ಕಿ, ಧಾನ್ಯ, ಬಟ್ಟೆ ಎಲ್ಲವೂ ಇತ್ತು. ಬೆಲೆ ಮಾತ್ರ ಆಕಾಶಕ್ಕೆ. ಹಸಿದವರು ಕೇಳಿದಷ್ಟು ಕೊಟ್ಟು ಕೊಂಡರು.

ಅಷ್ಟು ಹತ್ತಿರ ಬಂದಿದ್ದ ಸೈನ್ಯದ ಸುದ್ದಿ ಕಾರ್ನ್‌ವಾಲಿಸ್‌ಗೆ ಯಾಕೆ ತಿಳಿಯಲಿಲ್ಲ? ಟಿಪ್ಪುವಿನ ಸವಾರರು ದಾರಿ ಕಾದು ಹರಕಾರರನ್ನು, ಅಂದರೆ ಸುದ್ದಿ ಒಯ್ಯುವವರನ್ನು, ಒಬ್ಬೊಬ್ಬರಾಗಿ ಹಿಡಿದಿದ್ದರು. ನಾಲ್ಕು ದಿನ ಮೊದಲು ಒಂದು ಚೀಟಿ ತಲುಪಿದ್ದರೆ ಆ ತೋಪುಗಳು ಉಳಿಯುತ್ತಿದ್ದವು.

ಆದ್ದರಿಂದ "ಬರೀ ಮಳೆ, ಬರೀ ಅದೃಷ್ಟ" ಎಂಬ ಎರಡನೇ ಫಾರ್ವರ್ಡ್ ಕೂಡ ತಪ್ಪು. ಮಳೆಯನ್ನು ಯಾರೂ ತರಿಸಲಿಲ್ಲ. ಆದರೆ ಮೇವು ಸುಟ್ಟಿದ್ದು, ಹಳ್ಳಿ ಖಾಲಿ ಮಾಡಿಸಿದ್ದು, ಸುದ್ದಿ ತಡೆದದ್ದು ಯೋಚಿಸಿ ಮಾಡಿದ ಯುದ್ಧತಂತ್ರ. ಹೊಟ್ಟೆ ತುಂಬಿದ ಎತ್ತು ಮಳೆ ತಡೆಯುತ್ತದೆ. ಹಸಿದ ಎತ್ತನ್ನು ಒಂದೇ ಮಳೆ ಮುಗಿಸುತ್ತದೆ.

ಇದು ರೋಮ್‌ಗೂ ಆಗಿತ್ತು

ಇದೇ ಪಾಠವನ್ನು ಸುಮಾರು 1,840 ವರ್ಷ ಮೊದಲು ಜೂಲಿಯಸ್ ಸೀಸರ್ ಕಲಿತಿದ್ದ. ಇಂದಿನ ಫ್ರಾನ್ಸ್‌ನಲ್ಲಿ ಆಗ ಗಾಲ್ ಎಂದು ಕರೆಯುತ್ತಿದ್ದ ಕೆಲ್ಟಿಕ್ ಜನರಿದ್ದರು. ಕ್ರಿ.ಪೂ. 52ರಲ್ಲಿ ಅವರ ನಾಯಕ ವರ್ಸಿಂಜೆಟೊರಿಕ್ಸ್ ಒಂದು ಉಪಾಯ ಹೇಳಿದ: ರೋಮನ್ನರ ಜೊತೆ ನೇರ ಯುದ್ಧ ಬೇಡ, ಅವರಿಗೆ ಧಾನ್ಯ ಮೇವು ಸಿಗದಂತೆ ನಮ್ಮ ಊರುಗಳನ್ನು ನಾವೇ ಸುಡೋಣ. ಒಂದೇ ದಿನ ಬಿಟುರಿಗೆಸ್ ಎಂಬ ಜನಾಂಗದ 20ಕ್ಕೂ ಹೆಚ್ಚು ಊರುಗಳು ಸುಟ್ಟವು.

ಒಂದೇ ಒಂದು ಊರನ್ನು ಬಿಟ್ಟರು. ಅವಾರಿಕಮ್. ತುಂಬಾ ಚೆಂದದ ಊರು, ಸುಡಬೇಡಿ ಎಂದು ಅಲ್ಲಿನವರು ಬೇಡಿಕೊಂಡರು. ಸೀಸರ್ ಅದಕ್ಕೇ ಮುತ್ತಿಗೆ ಹಾಕಿ ಗೆದ್ದ. ರೋಮನ್ನರು ಊರಿನವರನ್ನು ಕೊಂದರು, ಅಲ್ಲಿನ ಧಾನ್ಯದಿಂದ ಹೊಟ್ಟೆ ತುಂಬಿಸಿಕೊಂಡರು. ಆಮೇಲೆ ಗೆರ್ಗೋವಿಯಾ ಎಂಬ ಬೆಟ್ಟದ ಕೋಟೆಗೆ ಹೋಗಿ ಅಲ್ಲಿ ಸೋತರು. ಸೀಸರ್‌ನ ಸ್ವಂತ ಬರಹದ ಪ್ರಕಾರವೇ 46 ದಳನಾಯಕರು ಮತ್ತು 700ಕ್ಕೆ ಸ್ವಲ್ಪ ಕಡಿಮೆ ಸೈನಿಕರು ಸತ್ತರು. ಮುತ್ತಿಗೆ ಬಿಟ್ಟು ಹೋಗಬೇಕಾಯಿತು.

ಫಾರ್ವರ್ಡ್ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ನಿಜದಲ್ಲಿ ಅದೇ ವರ್ಷ ಅಲೇಸಿಯಾದಲ್ಲಿ ಸೀಸರ್ ಗೆದ್ದ, ವರ್ಸಿಂಜೆಟೊರಿಕ್ಸ್ ಶರಣಾದ. ಸೋತ ಸೈನ್ಯ ಯಾಕೆ ಸೋತೆನೆಂದು ತಿಳಿದುಕೊಂಡರೆ ಮತ್ತೆ ಬರುತ್ತದೆ.

ಕಾರ್ನ್‌ವಾಲಿಸ್ ಕೂಡ ಮತ್ತೆ ಬಂದ

ಜುಲೈನಲ್ಲಿ ಬೆಂಗಳೂರು ಸೇರಿದ ಕಾರ್ನ್‌ವಾಲಿಸ್ ತಕ್ಷಣ ಶ್ರೀರಂಗಪಟ್ಟಣಕ್ಕೆ ಓಡಲಿಲ್ಲ. ಮೊದಲು ದಾರಿ ಸರಿ ಮಾಡಿಕೊಂಡ. ಹೊಸೂರು ಹಿಡಿದ. ಅಕ್ಟೋಬರ್ 19ಕ್ಕೆ ನಂದಿದುರ್ಗ ಬಿತ್ತು. ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು. ಈ ಬೆಟ್ಟದ ಕೋಟೆಗಳಿಂದಲೇ ಅವನ ಸಾಮಾನಿನ ಸಾಲುಗಳಿಗೆ ತೊಂದರೆಯಾಗುತ್ತಿತ್ತು.

ಇನ್ನೊಂದು ಮುಖ್ಯ ಕೆಲಸ: ಧಾನ್ಯ ಸಾಗಿಸಲು ಬಂಜಾರರನ್ನು ಒಪ್ಪಿಸಿದ. ನಾವು ಲಂಬಾಣಿಗರು ಎನ್ನುವ ಸಮುದಾಯ. ತಲೆಮಾರುಗಳಿಂದ ಎತ್ತಿನ ಹಿಂಡಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖನ್ನಿನ ಉದ್ದಗಲ ಓಡಾಡಿದವರು. ಈ ಏರ್ಪಾಡಿನಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಪಾತ್ರ ದೊಡ್ಡದು. ಎತ್ತು ಸಾಕುವುದು, ಹೇರುವುದು, ದಾರಿ ಹುಡುಕುವುದು ಗೊತ್ತಿದ್ದ ಜನರ ಕೈಗೆ ಆ ಕೆಲಸ ಹೋದಾಗ ಸೈನ್ಯದ ಹಸಿವು ತೀರಿತು.

1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ನೆಲೆಗಳ ಮೇಲೆ ದಾಳಿ ನಡೆಯಿತು. ಮಾರ್ಚ್‌ನಲ್ಲಿ ಒಪ್ಪಂದ. ಟಿಪ್ಪು ರಾಜ್ಯದ ಅರ್ಧ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಿದ.

ಇತಿಹಾಸದಿಂದ ಅಳಿಸಿದರಾ?

ಇಲ್ಲ. ಹಿಮ್ಮೆಟ್ಟಿದ ಅದೇ ವರ್ಷ ಲಂಡನ್ನಿನಲ್ಲಿ ಪ್ರಸಿದ್ಧ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಇದರ ಮೇಲೆ ಒಂದು ಚಿತ್ರವನ್ನೇ ಅಚ್ಚು ಹಾಕಿದ. ಅದರ ಹೆಸರಿನಲ್ಲೇ "ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು" ಎಂದಿದೆ. ಕೋಟೆಯ ಮೇಲೆ ಟಿಪ್ಪು, ಕೆಳಗೆ ಹೆದರಿ ಓಡುವ ಕಾರ್ನ್‌ವಾಲಿಸ್. ಇಂಗ್ಲಿಷರು ತಮ್ಮ ಗವರ್ನರ್ ಜನರಲ್‌ನನ್ನು ಬಹಿರಂಗವಾಗಿ ಗೇಲಿ ಮಾಡಿದ್ದರು. 1793ರಲ್ಲಿ ಡೈರಮ್‌ನ ಪುಸ್ತಕವೂ ಪ್ರಕಟವಾಯಿತು. ಎತ್ತುಗಳು ಸತ್ತ ಕಥೆ ನಮಗೆ ಇಷ್ಟು ವಿವರವಾಗಿ ಗೊತ್ತಿರುವುದೇ ಆ ಸೈನ್ಯದ ಅಧಿಕಾರಿಗಳು ಬರೆದಿಟ್ಟದ್ದರಿಂದ.

"ಮುಚ್ಚಿಟ್ಟ ಸತ್ಯ" ಎಂದು ಶುರುವಾಗುವ ಫಾರ್ವರ್ಡ್ ಬಂದಾಗ ಒಮ್ಮೆ ಕೇಳಿಕೊಳ್ಳಿ: ಮುಚ್ಚಿಟ್ಟಿದ್ದರೆ ಇದನ್ನು ಬರೆದವನಿಗೆ ಹೇಗೆ ಗೊತ್ತಾಯಿತು?

ಒಟ್ಟು ಹೀಗೆ ಹೇಳಬಹುದು:

- 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣ ಗೆಲ್ಲಲಾಗದೆ ವಾಪಸಾದ: ನಿಜ.
- ಟಿಪ್ಪು ಅವನನ್ನು ರಣರಂಗದಲ್ಲಿ ಸೋಲಿಸಿದ: ತಪ್ಪು. ಮೇ 15ರ ಯುದ್ಧದಲ್ಲಿ ಕಂಪನಿಗೆ ಮೇಲುಗೈ ಆಗಿತ್ತು.
- ತೋಪುಗಳನ್ನು ಬಿಟ್ಟು ಓಡಿದ: ಅರ್ಧ ನಿಜ. ತಾನೇ ಒಡೆಸಿ ಹೋದ.
- ಬರೀ ಮಳೆಯಿಂದ ಆಯಿತು: ತಪ್ಪು. ಮೇವು, ರೋಗ, ತಡೆದ ಸುದ್ದಿ, ಮಳೆ ಎಲ್ಲ ಸೇರಿ ಆಯಿತು.
- ಬ್ರಿಟಿಷರು ಇದನ್ನು ಮುಚ್ಚಿಟ್ಟರು: ತಪ್ಪು.
- ಕಥೆ ಅಲ್ಲಿಗೆ ಮುಗಿಯಿತು: ತಪ್ಪು. ಮುಂದಿನ ವರ್ಷ ಮತ್ತೆ ಬಂದ.

ಆ ಹುಲ್ಲು ಯಾರದ್ದು?

ಈ ಪಟ್ಟಿಯನ್ನು ಗ್ರೂಪ್‌ಗೆ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಬರೆಯುವಾಗ ನನಗೆ ಒಂದು ವಿಷಯ ಬಿಡಲಿಲ್ಲ.

ನಮ್ಮ ಸೀಮೆಯಲ್ಲಿ ರಾಗಿ ಕೊಯ್ಲು ಕಾರ್ತಿಕ ಮಾರ್ಗಶಿರದ ಹೊತ್ತಿಗೆ. ಕಣ ಮುಗಿದ ಮೇಲೆ ಹುಲ್ಲನ್ನು ಬಣವೆ ಒಟ್ಟುತ್ತೇವೆ. ಆ ಬಣವೆ ಮುಂದಿನ ಮಳೆಗಾಲದಲ್ಲಿ ಹಸಿ ಹುಲ್ಲು ಬರುವವರೆಗೆ ಸಾಗಬೇಕು. ಮೇ ತಿಂಗಳಲ್ಲಿ ಉಳಿದಿರುವುದು ಕೊನೆಯ ಪಾಲು. ಕಾರ್ನ್‌ವಾಲಿಸ್ ಹೊರಟದ್ದು ಮೇ ತಿಂಗಳಲ್ಲಿ. ಸುಟ್ಟದ್ದು ಆ ಕೊನೆಯ ಪಾಲನ್ನು.

ನಮ್ಮ ಮನೆಯಲ್ಲಿ ತಾತನ ಕಾಲದಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಇದ್ದವು. ಈಗ ಡೇರಿಗೆ ಹಾಲು ಹಾಕುವ ಎರಡು ಸೀಮೆ ಹಸು ಇವೆ. ಬಣವೆ ಮಾತ್ರ ಮನೆ ಹಿಂದೆ ಅದೇ ಜಾಗದಲ್ಲಿದೆ. ಬೇಸಿಗೆಯಲ್ಲಿ ಅದರ ಹತ್ತಿರ ಯಾರೂ ಬೀಡಿ ಹಚ್ಚುವ ಹಾಗಿಲ್ಲ. ಅಜ್ಜಿಯನ್ನು ಕೇಳಿದೆ, "ಅಜ್ಜಿ, ಈಗ ಯಾರಾದರೂ ಬಂದು ಬಣವೆಗೆ ಬೆಂಕಿ ಇಟ್ಟರೆ ಏನು ಮಾಡ್ತೀಯಾ?"

"ದನ ಮಾರ್ತೀವಿ. ಇನ್ನೇನು ಮಾಡೋದು?" ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಎಲ್ಲರದೂ ಸುಟ್ಟುಹೋಗಿದ್ರೆ ಯಾರು ಕೊಂಡ್ಕೋತಾರೆ?"

1791ರಲ್ಲಿ ರಾಮನಗರ, ಕನಕಪುರ ಸೀಮೆಯ ರೈತರ ಮುಂದೆ ಇದ್ದ ಪ್ರಶ್ನೆ ಇದೇ. ಹುಲ್ಲು ಇದ್ದರೆ ಕಂಪನಿ ಸೈನ್ಯ ಒಯ್ಯುತ್ತದೆ. ಒಯ್ಯಬಾರದೆಂದು ಟಿಪ್ಪುವಿನ ಸವಾರರು ಸುಡುತ್ತಾರೆ. ಎರಡರಲ್ಲೂ ಹೋಗುವುದು ಅದೇ ಬಣವೆ. ಮುಂಗಾರು ಬಂದಾಗ ಉಳಲು ಎತ್ತಿಲ್ಲ. ಆಮೇಲೆ ಒಪ್ಪಂದದ 3 ಕೋಟಿ 30 ಲಕ್ಷ ರೂಪಾಯಿ ಎಂದರೂ, ಕೊನೆಗೆ ಅದು ಹೊಲದ ಕಂದಾಯದಿಂದಲೇ ಬರಬೇಕಾದ ಹಣ.

ತೋಪುಗಳ ಲೆಕ್ಕ, ದಿನಾಂಕಗಳ ಲೆಕ್ಕ ಬರೆದವರಿದ್ದಾರೆ. ಆ ಬಣವೆಗಳ ಲೆಕ್ಕ ಬರೆದವರಿಲ್ಲ. ಇತಿಹಾಸದಿಂದ ಏನಾದರೂ ಅಳಿಸಿಹೋಗಿದ್ದರೆ ಅದು ಇದು.

ಚಿಕ್ಕಪ್ಪನಿಗೆ ನಾನು ಕಳಿಸಿದ ಉತ್ತರ ಚಿಕ್ಕದು: "ಸೋತಿದ್ದು ನಿಜ. ಸೋಲಿಸಿದ್ದು ಕತ್ತಿ ಅಲ್ಲ, ಹುಲ್ಲಿನ ಅಭಾವ. ಆ ಹುಲ್ಲು ನಮ್ಮಂಥವರದು." ಅವರು ಒಂದು ಥಂಬ್ಸ್ ಅಪ್ ಹಾಕಿದರು. ಆಮೇಲೆ ಗ್ರೂಪ್‌ನಲ್ಲಿ ಬಹಳ ದಿನಕ್ಕೆ ಜಗಳದ ಬದಲು ಬೇರೆ ಮಾತು ಶುರುವಾಯಿತು, ಯಾರ ಮನೆಯಲ್ಲಿ ಎಷ್ಟು ಜೊತೆ ಎತ್ತು ಇದ್ದವು ಅಂತ.

ಮುಂದಿನ ಸಲ "ಗೆದ್ದ, ಸೋಲಿಸಿದ, ಓಡಿಸಿದ" ಎಂಬ ಫಾರ್ವರ್ಡ್ ನಿಮಗೆ ಬಂದರೆ ಶೇರ್ ಬಟನ್ ಒತ್ತುವ ಮುನ್ನ ಮೂರು ಪ್ರಶ್ನೆ ಕೇಳಿ. ಆಮೇಲೆ ಏನಾಯಿತು? ಇದನ್ನು ಮೊದಲು ಬರೆದಿಟ್ಟವರು ಯಾರು? ಆ ದಾರಿಯಲ್ಲಿದ್ದ ಹಳ್ಳಿಯವರು ಏನು ತಿಂದರು? ಮೂರಕ್ಕೂ ಉತ್ತರ ಇಲ್ಲದಿದ್ದರೆ ಅದನ್ನು ನಿಮ್ಮ ಫೋನಿನಲ್ಲೇ ನಿಲ್ಲಿಸಿ.